ಓನೋ ಕಂಡ ದಂಡ, ಕಮಾಟಾ ಕಂಡ ದುಡಿಮೆ

ಪೀಣ್ಯದಲ್ಲೋ ಬೈಕಂಪಾಡಿಯಲ್ಲೋ ಒಂದು ಮಧ್ಯಮ ಗಾತ್ರದ ಕಾರ್ಖಾನೆಯೊಳಗೆ ಕಾಲಿಟ್ಟರೆ ಗೋಡೆಯ ಮೇಲೆ ಕೆಲವು ಜಪಾನಿ ಪದಗಳು ಕಣ್ಣಿಗೆ ಬೀಳುವುದುಂಟು. ಕೈಝೆನ್, ಕಾನ್‌ಬಾನ್, ಪೋಕಾ ಯೋಕೆ. ಪಕ್ಕದಲ್ಲಿ ಹಸಿರು, ಹಳದಿ, ಕೆಂಪು ಬಣ್ಣದ ಪಟ್ಟಿಗಳು. ಈಗೀಗ ಆಸ್ಪತ್ರೆಗಳಲ್ಲಿ, ಬ್ಯಾಂಕುಗಳಲ್ಲಿ, ಸಾಫ್ಟ್‌ವೇರ್ ಕಂಪನಿಗಳಲ್ಲಿಯೂ ಇವೇ ಪದಗಳ ಓಡಾಟ. ಎಂ.ಬಿ.ಎ. ಓದುವ ಹುಡುಗರಿಗಂತೂ ಇವು ಪರೀಕ್ಷೆಗೆ ಕಂಠಪಾಠ ಮಾಡಬೇಕಾದ ವಿಷಯ. ಸರಕು ಅಥವಾ ಸೇವೆಯನ್ನು ಹೇಗೆ ತಯಾರಿಸಬೇಕು, ಎಷ್ಟು ತಯಾರಿಸಬೇಕು, ಯಾರಿಂದ ಎಷ್ಟು ಹೊತ್ತು ಕೆಲಸ ಮಾಡಿಸಬೇಕು ಎಂಬುದಕ್ಕೆ ಇಂದು ಲೋಕದ ಬಹುಪಾಲು ವ್ಯವಹಾರಸ್ಥರು ನೋಡುವುದು ಜಪಾನಿನ ಟೊಯೋಟಾ ಕಂಪನಿಯ ಕಡೆಗೆ.

ಈ ಪದಗಳಲ್ಲಿ ಅನೇಕವನ್ನು ಲೋಕಕ್ಕೆ ದಾಟಿಸಿದ್ದು ಒಂದು ತೆಳ್ಳನೆಯ ಪುಸ್ತಕ. ಟೊಯೋಟಾದ ಎಂಜಿನಿಯರ್ ತೈಇಚಿ ಓನೋ 1978ರಲ್ಲಿ ಬರೆದ ‘ಟೊಯೋಟಾ ಉತ್ಪಾದನಾ ಪದ್ಧತಿ’. ಹತ್ತು ವರ್ಷಗಳ ನಂತರ, 1988ರಲ್ಲಿ ಅದು ಇಂಗ್ಲಿಷಿಗೆ ಬಂತು. ಇದಕ್ಕಿಂತ ಐದು ವರ್ಷ ಮೊದಲು, 1973ರಲ್ಲಿ, ಅದೇ ಕಂಪನಿಯ ಬಗ್ಗೆ ಇನ್ನೊಂದು ಪುಸ್ತಕ ಹೊರಬಂದಿತ್ತು. ಸತೋಶಿ ಕಮಾಟಾ ಎಂಬ ಪತ್ರಕರ್ತ ಹಂಗಾಮಿ ಕಾರ್ಮಿಕನಾಗಿ ಟೊಯೋಟಾ ಸೇರಿ, ಸುಮಾರು ಆರು ತಿಂಗಳು ದುಡಿದು ಬರೆದ ದಿನಚರಿ ಅದು. ಅದರ ಹೆಸರನ್ನು ಕನ್ನಡಕ್ಕೆ ತಂದರೆ ‘ಮೋಟಾರು ಹತಾಶೆಯ ಕಾರ್ಖಾನೆ’ ಎಂದಾಗುತ್ತದೆ. ಅದೂ 1982ರಲ್ಲಿ ಇಂಗ್ಲಿಷಿಗೆ ಬಂದಿದೆ. ಮೊದಲನೆಯ ಪುಸ್ತಕವನ್ನು ಓದಿದವರು ಲಕ್ಷಾಂತರ. ಎರಡನೆಯದನ್ನು ಆಡಳಿತ ಶಾಸ್ತ್ರದ ತರಗತಿಗಳಲ್ಲಿ ಯಾರೂ ಕೈಗೆತ್ತಿಕೊಂಡದ್ದನ್ನು ನಾವು ಕಂಡಿಲ್ಲ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ ಮಾತ್ರ ಈ ಪದ್ಧತಿ ಏನೆಂದು ಅರ್ಥವಾಗುತ್ತದೆ ಎಂಬುದು ನಮ್ಮ ಅನಿಸಿಕೆ.

ಓನೋ ಅವರ ಪುಸ್ತಕಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಮೊದಲು ಸಲ್ಲಿಸಿಬಿಡೋಣ. ಅದು ಪಂಡಿತರ ಪುಸ್ತಕವಲ್ಲ. ಕಾರ್ಖಾನೆಯ ನೆಲದಲ್ಲಿ ವರ್ಷಗಟ್ಟಲೆ ನಿಂತು ನೋಡಿದವನ ಮಾತು ಅಲ್ಲಿದೆ. 1945ರಲ್ಲಿ ಜಪಾನ್ ಸೋತಾಗ ಟೊಯೋಟಾದ ಮುಖ್ಯಸ್ಥ ಕಿಇಚಿರೋ ಟೊಯೋಡಾ, ಮೂರು ವರ್ಷಗಳಲ್ಲಿ ಅಮೆರಿಕಾವನ್ನು ಸರಿಗಟ್ಟಬೇಕು ಎಂದರಂತೆ. ಒಬ್ಬ ಅಮೆರಿಕನ್ ಕಾರ್ಮಿಕ ಮಾಡುವ ಕೆಲಸಕ್ಕೆ ಒಂಬತ್ತು ಜಪಾನೀಯರು ಬೇಕು ಎಂಬ ಮಾತು ಓನೋ ಅವರ ಕಿವಿಗೆ ಯುದ್ಧಕ್ಕೆ ಮೊದಲೇ ಬಿದ್ದಿತ್ತು. ಬೇರೆಯವರಾಗಿದ್ದರೆ ನಮ್ಮವರು ಸೋಮಾರಿಗಳು ಎಂದು ಬೈದು ಸುಮ್ಮನಾಗುತ್ತಿದ್ದರು. ನಮ್ಮ ದೇಶದಲ್ಲಿ ಇಂದಿಗೂ ನಡೆಯುತ್ತಿರುವುದು ಅದೇ ತಾನೆ? ಓನೋ ಹಾಗೆ ಯೋಚಿಸಲಿಲ್ಲ. ಒಬ್ಬ ಅಮೆರಿಕನ್ನನ ತೋಳಿನಲ್ಲಿ ಒಂಬತ್ತು ಮಂದಿಯ ಬಲ ಇರಲು ಸಾಧ್ಯವೇ ಎಂದು ಕೇಳಿದರು. ಸಾಧ್ಯವಿಲ್ಲವಾದರೆ ಜಪಾನೀಯರ ಶ್ರಮ ಎಲ್ಲೋ ಸೋರಿ ಹೋಗುತ್ತಿರಬೇಕು. ಆ ಸೋರಿಕೆಗೆ ಜಪಾನಿಯಲ್ಲಿ ‘ಮುದಾ’ ಎನ್ನುತ್ತಾರೆ. ವ್ಯರ್ಥ ಎಂದು ಅನುವಾದಿಸಬಹುದು. ಆದರೆ ನಮ್ಮ ಆಡುಮಾತಿನ ‘ದಂಡ’ ಎಂಬ ಪದ ಅದಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಹೊತ್ತು ದಂಡ, ದುಡ್ಡು ದಂಡ ಎನ್ನುತ್ತೇವಲ್ಲ, ಅದೇ.

ದಂಡದಲ್ಲಿ ಏಳು ಬಗೆಯಿದೆ ಎನ್ನುತ್ತಾರೆ ಓನೋ. ಬೇಕಾದ್ದಕ್ಕಿಂತ ಹೆಚ್ಚು ತಯಾರಿಸುವುದು, ಕಾಯುವುದು, ಅನಾವಶ್ಯಕ ಸಾಗಣೆ, ಅನಾವಶ್ಯಕ ಸಂಸ್ಕರಣೆ, ದಾಸ್ತಾನು, ಅನಾವಶ್ಯಕ ಚಲನೆ, ದೋಷವುಳ್ಳ ವಸ್ತು. ಇವುಗಳಲ್ಲಿ ಮೊದಲನೆಯದೇ ಅತಿ ಕೆಟ್ಟದ್ದು, ಏಕೆಂದರೆ ಅದು ಉಳಿದವುಗಳನ್ನೆಲ್ಲ ಮುಚ್ಚಿಡುತ್ತದೆ. ಗೋದಾಮಿನಲ್ಲಿ ತಿಂಗಳಿಗಾಗುವಷ್ಟು ಮಾಲು ಬಿದ್ದಿದ್ದರೆ ಯಂತ್ರ ಕೆಟ್ಟರೂ ಯಾರಿಗೂ ಬಿಸಿ ತಟ್ಟುವುದಿಲ್ಲ. ಆದ್ದರಿಂದ ಮುಂದಿನ ಹಂತದವನು ಕೇಳಿದಾಗ, ಕೇಳಿದಷ್ಟನ್ನೇ ತಯಾರಿಸಬೇಕು. ಈ ಉಪಾಯ ಅವರಿಗೆ ಹೊಳೆದದ್ದು ಅಮೆರಿಕಾದ ಸೂಪರ್ ಮಾರ್ಕೆಟ್‌ಗಳ ರೀತಿಯಿಂದ. ಗಿರಾಕಿ ಕಪಾಟಿನಿಂದ ತನಗೆ ಬೇಕಾದ್ದನ್ನು ಎತ್ತಿಕೊಳ್ಳುತ್ತಾನೆ, ಖಾಲಿಯಾದಷ್ಟನ್ನು ಅಂಗಡಿಯವನು ತುಂಬಿಸುತ್ತಾನೆ. (ನಮ್ಮೂರ ಮೂಲೆಯಂಗಡಿಯ ಸಾಹೇಬರೂ ಮಾಡುವುದು ಇದನ್ನೇ. ಆದರೆ ಅವರು ಪುಸ್ತಕ ಬರೆಯಲಿಲ್ಲ.) ಏನು ಬೇಕು, ಎಷ್ಟು ಬೇಕು ಎಂದು ಹಿಂದಿನ ಹಂತಕ್ಕೆ ತಿಳಿಸುವ ಚೀಟಿಯೇ ಕಾನ್‌ಬಾನ್. ಪ್ಲಾಸ್ಟಿಕ್ ಚೀಲದಲ್ಲಿಟ್ಟ ಒಂದು ಸಣ್ಣ ಕಾಗದದ ತುಂಡು, ಅಷ್ಟೇ.

ಎರಡನೆಯ ಉಪಾಯ ಮಗ್ಗದಿಂದ ಬಂತು. ಕಂಪನಿಯ ಮೂಲಪುರುಷ ಸಕಿಚಿ ಟೊಯೋಡಾ, ನೂಲು ಹರಿದೊಡನೆ ತಾನಾಗಿ ನಿಲ್ಲುವ ಮಗ್ಗವನ್ನು ಕಂಡುಹಿಡಿದಿದ್ದರು. 1929ರಲ್ಲಿ ಅದರ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಕೊಂಡಿತು. ಮಗ್ಗ ತಾನಾಗಿ ನಿಲ್ಲುವುದಾದರೆ ಅದರ ಮುಂದೆ ಒಬ್ಬ ಕಾವಲು ನಿಲ್ಲಬೇಕಾಗಿಲ್ಲ. ಕೆಟ್ಟ ಬಟ್ಟೆ ಮುಂದೆ ಹೋಗುವುದೂ ಇಲ್ಲ. ಇದನ್ನೇ ಓನೋ ಮೋಟಾರು ಜೋಡಣೆಯ ಸಾಲಿಗೆ ತಂದರು. ತಪ್ಪು ಕಂಡ ಯಾವ ಕಾರ್ಮಿಕನಾದರೂ ಇಡೀ ಸಾಲನ್ನು ನಿಲ್ಲಿಸಬಹುದು. ಅಮೆರಿಕಾದ ಕಾರ್ಖಾನೆಗಳಲ್ಲಿ ಸಾಲು ನಿಲ್ಲಿಸುವುದು ಮಹಾಪರಾಧವಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ನಿಲ್ಲಿಸಿದ ಮೇಲೆ ಏನು ಮಾಡಬೇಕು? ಏಕೆ ಎಂದು ಐದು ಸಲ ಕೇಳಬೇಕು. ಓನೋ ಕೊಡುವ ಉದಾಹರಣೆ ಪ್ರಸಿದ್ಧವಾದದ್ದು. ಯಂತ್ರ ಏಕೆ ನಿಂತಿತು? ಹೊರೆ ಹೆಚ್ಚಾಗಿ ಫ್ಯೂಸ್ ಹೋಯಿತು. ಹೊರೆ ಏಕೆ ಹೆಚ್ಚಾಯಿತು? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಏಕೆ ಸಾಲಲಿಲ್ಲ? ಎಣ್ಣೆಯ ಪಂಪು ಸರಿಯಾಗಿ ಎಳೆಯುತ್ತಿರಲಿಲ್ಲ. ಅದೇಕೆ? ಪಂಪಿನ ದಂಡಿಗೆ ಸವೆದಿತ್ತು. ಅದೇಕೆ ಸವೆಯಿತು? ಜರಡಿ ಇಲ್ಲದ್ದರಿಂದ ಲೋಹದ ಚೂರು ಒಳಹೊಕ್ಕಿತ್ತು. ಮೊದಲ ಪ್ರಶ್ನೆಗೇ ನಿಂತವನು ಫ್ಯೂಸ್ ಬದಲಿಸುತ್ತಾನೆ, ಒಂದೆರಡು ತಿಂಗಳಲ್ಲಿ ಯಂತ್ರ ಮತ್ತೆ ನಿಲ್ಲುತ್ತದೆ. ಐದನೆಯದಕ್ಕೆ ತಲುಪಿದವನು ಜರಡಿ ಹಾಕುತ್ತಾನೆ. ಗಮನಿಸಿ, ಈ ಐದು ಉತ್ತರಗಳಲ್ಲಿ ಎಲ್ಲಿಯೂ ಒಬ್ಬ ಮನುಷ್ಯನ ಹೆಸರಿಲ್ಲ. ಯಂತ್ರದ ಮುಂದೆ ಇದ್ದವನು ಯಾರು, ಅವನ ಸಂಬಳದಿಂದ ಎಷ್ಟು ಕಡಿಯೋಣ ಎಂಬ ಪ್ರಶ್ನೆ ಏಳುವುದೇ ಇಲ್ಲ.

ಇದರ ಬೆಲೆ ತಿಳಿಯಬೇಕಾದರೆ ಕರಾವಳಿಯ ಬೀಡಿ ಉದ್ಯಮವನ್ನು ನೋಡಬೇಕು. ಅದೂ ಒಂದು ಉತ್ಪಾದನಾ ಪದ್ಧತಿಯೇ. ಒಂದರ್ಥದಲ್ಲಿ ಟೊಯೋಟಾಗಿಂತ ಮುಂದುವರಿದದ್ದು, ಏಕೆಂದರೆ ಅಲ್ಲಿ ಬೀಡಿ ಕಟ್ಟುವುದಕ್ಕೆ ಕಂಪನಿ ಕಾರ್ಖಾನೆಯನ್ನೇ ಇಟ್ಟುಕೊಳ್ಳುವುದಿಲ್ಲ. ಎಲೆ, ತಂಬಾಕು ಗುತ್ತಿಗೆದಾರನ ಮೂಲಕ ಮನೆಗೆ ಬರುತ್ತದೆ, ಹೆಂಗಸರು ಜಗಲಿಯಲ್ಲಿ ಕುಳಿತು ಕಟ್ಟುತ್ತಾರೆ, ಲೆಕ್ಕದ ಬೀಡಿ ಹಿಂದಕ್ಕೆ ಹೋಗುತ್ತದೆ. ಕೊಟ್ಟ ಎಲೆ ಹರಿದದ್ದಾದರೂ ಒಣಗಿದ್ದಾದರೂ ಬೀಡಿ ತಿರಸ್ಕೃತವಾದರೆ ನಷ್ಟ ಕಟ್ಟಿದವಳದ್ದು. ಎಲೆ ಏಕೆ ಹಾಳಾಯಿತು ಎಂದು ಐದು ಸಲ ಇರಲಿ, ಒಂದು ಸಲವೂ ಯಾರೂ ಕೇಳುವುದಿಲ್ಲ. ಅಲ್ಲಿ ‘ದಂಡ’ ಎಂಬ ಪದಕ್ಕೆ ಅದರ ಇನ್ನೊಂದು ಅರ್ಥವೇ ಖಾಯಂ. ತಪ್ಪಿನ ಬೇರು ವ್ಯವಸ್ಥೆಯಲ್ಲಿದೆ, ಕೆಲಸದಾಳಿನಲ್ಲಿ ಅಲ್ಲ ಎಂದು ಮೊದಲು ಊಹಿಸುವ ಆಡಳಿತ ನಮ್ಮಲ್ಲಿ ಎಷ್ಟು ಕಡೆ ಇದೆ? ಓನೋ ಅವರ ಈ ಪಾಠವನ್ನು ನಮ್ಮ ಮಾಲೀಕರು ಗೋಡೆಗೆ ಅಂಟಿಸಿದ್ದಾರೆಯೇ ಹೊರತು ಮನಸ್ಸಿಗೆ ಇಳಿಸಿಕೊಂಡಿಲ್ಲ ಎನ್ನದೆ ವಿಧಿಯಿಲ್ಲ.

ಹಾಗಾದರೆ ನಮ್ಮ ತಕರಾರು ಏನು?

ಓನೋ ಅವರ ಪುಸ್ತಕದಲ್ಲಿ ಒಂದು ಸಮೀಕರಣ ಬರುತ್ತದೆ. ಇರುವ ಸಾಮರ್ಥ್ಯವೆಂದರೆ ಕೆಲಸ ಮತ್ತು ದಂಡ ಇವೆರಡರ ಮೊತ್ತ. ದಂಡವನ್ನು ಸೊನ್ನೆ ಮಾಡಿ, ಕೆಲಸವನ್ನು ನೂರಕ್ಕೆ ನೂರು ಮಾಡುವುದೇ ಗುರಿ. ನಾವು ಈ ಸಾಲಿನ ಮುಂದೆ ತುಸು ಹೊತ್ತು ನಿಂತೆವು. ಅದರಲ್ಲಿ ಮೂರನೆಯ ಅಂಶವೇ ಇಲ್ಲ. ಎರಡು ಬಿಡಿಭಾಗಗಳ ನಡುವೆ ಬೆನ್ನು ನೆಟ್ಟಗೆ ಮಾಡಿಕೊಳ್ಳುವ ಮೂರು ಸೆಕೆಂಡು ಯಾವ ಖಾತೆಗೆ ಸೇರುತ್ತದೆ? ಕೆಲಸವಂತೂ ಅಲ್ಲ. ಹಾಗಾದರೆ ದಂಡ. ಪಕ್ಕದವನೊಡನೆ ಎರಡು ಮಾತು? ದಂಡ. ಯಂತ್ರ ತನ್ನ ಪಾಡಿಗೆ ಕೊರೆಯುತ್ತಿರುವಾಗ ಸುಮ್ಮನೆ ನಿಂತಿರುವುದು? ಅದಂತೂ ಏಳು ದಂಡಗಳ ಪಟ್ಟಿಯಲ್ಲೇ ಇದೆ. ಆ ಬಿಡುವಿನಲ್ಲಿ ಎರಡನೆಯ ಯಂತ್ರ, ಮೂರನೆಯ ಯಂತ್ರ ನೋಡಿಕೊಳ್ಳಬೇಕು. ಹಾಗೆ ಶ್ರಮ ಉಳಿದರೆ ಸಾಲದು, ಆಳಿನ ಸಂಖ್ಯೆಯೇ ಕಡಿಮೆಯಾಗಬೇಕು ಎಂಬುದನ್ನು ಓನೋ ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ. ಅರ್ಥವಿಲ್ಲದ ಕೆಲಸ ಮಾಡಿಸುವುದೇ ಕಾರ್ಮಿಕನಿಗೆ ಅಗೌರವ, ದಂಡವನ್ನು ತೆಗೆಯುವುದೇ ಗೌರವ ಎಂಬುದು ಟೊಯೋಟಾದವರ ವಾದ. ವಾದ ಚೆನ್ನಾಗಿಯೇ ಇದೆ. ಆದರೆ ಯಾವುದು ಅರ್ಥವಿಲ್ಲದ್ದು ಎಂದು ತೀರ್ಮಾನಿಸುವವರು ಯಾರು?

ಒಂದು ಸ್ವಾರಸ್ಯವಾದ ಸಂಗತಿ. ತಾನಾಗಿ ನಿಲ್ಲುವ ಯಂತ್ರಕ್ಕೆ ಟೊಯೋಟಾದವರು ‘ಜಿದೋಕಾ’ ಎನ್ನುತ್ತಾರೆ. ಬರೀ ಸ್ವಯಂಚಾಲನೆ ಎನ್ನುವುದಕ್ಕೂ ಇದೇ ಉಚ್ಚಾರ. ಆದರೆ ಬರೆಯುವಾಗ ಚಲನೆ ಎಂಬ ಲಿಪಿಚಿಹ್ನೆಗೆ ಮನುಷ್ಯ ಎಂಬ ಅರ್ಥದ ಒಂದು ಗೀಟನ್ನು ಸೇರಿಸುತ್ತಾರೆ. ಹಾಗೆ ಸೇರಿಸಿದರೆ ಅದು ‘ದುಡಿಮೆ’ ಎಂಬ ಚಿಹ್ನೆಯಾಗುತ್ತದೆ. ಯಂತ್ರಕ್ಕೆ ಮನುಷ್ಯನ ವಿವೇಕವನ್ನು ಕೊಟ್ಟಿದ್ದೇವೆ ಎಂಬುದು ಅದರ ತಾತ್ಪರ್ಯ.

ಇತಿಹಾಸದ ಇನ್ನೊಂದು ತುಣುಕನ್ನು ಓನೋ ಬೇಗ ಬೇಗನೆ ದಾಟಿಹೋಗುತ್ತಾರೆ. 1949-50ರಲ್ಲಿ ಟೊಯೋಟಾ ದಿವಾಳಿಯ ಅಂಚಿಗೆ ಬಂದಿತ್ತು. 1,600ಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು, ದೊಡ್ಡ ಮುಷ್ಕರ ನಡೆಯಿತು, ಕಿಇಚಿರೋ ಟೊಯೋಡಾ ರಾಜೀನಾಮೆ ಕೊಟ್ಟರು. ಅದೇ 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾಗಿ, ಅಮೆರಿಕನ್ ಸೈನ್ಯದಿಂದ ಟ್ರಕ್ಕುಗಳ ಬೇಡಿಕೆ ಬಂತು. ಬೇಡಿಕೆ ಏರಿತು, ಆದರೆ ಕಂಪನಿ ಅದಕ್ಕೆ ತಕ್ಕಂತೆ ಆಳು ಸೇರಿಸಿಕೊಳ್ಳಲಿಲ್ಲ. ಒಬ್ಬನಿಗೆ ಹಲವು ಯಂತ್ರ ಎಂಬ ಏರ್ಪಾಡು ಬೇರೂರಿದ್ದು ಸೋತ ಮುಷ್ಕರದ ನಂತರದ ಆ ನೆಲದಲ್ಲಿ. ಅಮೆರಿಕಾದಂತೆ ಕಸುಬಿಗೊಂದು ಸಂಘ ಜಪಾನಿನಲ್ಲಿ ಇರಲಿಲ್ಲ, ಆದ್ದರಿಂದ ಬದಲಾವಣೆ ಸುಲಭವಾಯಿತು ಎಂದು ಓನೋ ಅವರೇ ಒಪ್ಪುತ್ತಾರೆ. ಪದ್ಧತಿಯನ್ನು ಎರವಲು ತರುವವರು ಈ ಪುಟವನ್ನು ಮಡಚಿಟ್ಟುಬಿಡುತ್ತಾರೆ.

ಕಮಾಟಾ ಟೊಯೋಟಾ ಸೇರಿದ್ದು 1972ರ ಸೆಪ್ಟೆಂಬರಿನಲ್ಲಿ. ಅಂದರೆ ಓನೋ ಅವರ ಪದ್ಧತಿ ಪೂರ್ತಿ ಪಳಗಿದ ಕಾಲ. ಅವರೊಡನೆ ಬಂದ ಹಂಗಾಮಿ ಕಾರ್ಮಿಕರಲ್ಲಿ ಅನೇಕರು ದೂರದ ಊರುಗಳ ರೈತರು. ಬೇಸಾಯದ ಬಿಡುವಿನಲ್ಲಿ ದುಡ್ಡಿಗಾಗಿ ಬಂದವರು. ಉತ್ತರ ಕರ್ನಾಟಕದಿಂದ ಗೋವಾಕ್ಕೋ ಮಂಗಳೂರಿಗೋ ಗುಳೆ ಹೋಗುವವರ ನೆನಪಾಗುತ್ತದೆ. ಕಮಾಟಾಗೆ ಸಿಕ್ಕಿದ್ದು ಗೇರ್‌ಪೆಟ್ಟಿಗೆ ಜೋಡಿಸುವ ಸಾಲು. ಒಂದೊಂದು ಪೆಟ್ಟಿಗೆಗೆ ಒಂದೂಕಾಲು ನಿಮಿಷದ ಆಸುಪಾಸು. ಅಷ್ಟರಲ್ಲಿ ತನ್ನ ಪಾಲಿನ ಭಾಗಗಳನ್ನೆಲ್ಲ ಕೂರಿಸಬೇಕು. ಮೊದಲ ದಿನಗಳಲ್ಲಿ ಕೈ ಹಿಂದೆ ಬೀಳುತ್ತದೆ. ಕಲಿತ ಮೇಲೆ ಹಿಡಿತ ಸಿಗುತ್ತದೆ ಎನ್ನುವಷ್ಟರಲ್ಲಿ ಸಾಲಿನ ವೇಗ ಏರುತ್ತದೆ, ಇಲ್ಲವೇ ಒಬ್ಬ ಆಳು ಕಡಿಮೆಯಾಗುತ್ತಾನೆ. ದಿನದ ಗುರಿ ಮುಟ್ಟದಿದ್ದರೆ ಪಾಳಿ ಮುಗಿದರೂ ಮನೆಗೆ ಹೋಗುವಂತಿಲ್ಲ. ಬೆರಳುಗಳು ಮರಗಟ್ಟುತ್ತವೆ. ಡಾರ್ಮಿಟರಿಗೆ ಬಂದರೆ ಮಲಗುವುದೊಂದೇ ಕೆಲಸ. ಇವತ್ತು ಇದ್ದವನು ನಾಳೆ ಇಲ್ಲ. ಯಾರೂ ಅವನ ಬಗ್ಗೆ ಮಾತನಾಡುವುದಿಲ್ಲ.

ಓನೋ ಹೇಳುವ ಹಗ್ಗ ಎಳೆಯುವ ಹಕ್ಕು ಈ ದಿನಚರಿಯಲ್ಲಿ ಎಲ್ಲಿ ಹೋಯಿತು ಎಂದು ನಾವು ಹುಡುಕುತ್ತಾ ಓದಿದೆವು. ಹಕ್ಕು ಇರಬಹುದು. ಆದರೆ ನಿಂತ ಪ್ರತಿ ನಿಮಿಷವೂ ಎಲ್ಲರ ಓವರ್‌ಟೈಮಿಗೆ ಸೇರುವುದಾದರೆ, ಎಳೆದವನ ಕಡೆಗೆ ಸಂಗಾತಿಗಳು ಹೇಗೆ ನೋಡಿಯಾರು? ದಾಸ್ತಾನು ಸೊನ್ನೆಯಾದರೆ ಯಂತ್ರದ ತೊಂದರೆ ಹೊರಬೀಳುತ್ತದೆ ಎಂದು ಓನೋ ಹೇಳುವುದು ಸರಿ. ಆದರೆ ಆ ತೊಂದರೆಯನ್ನು ತಾಳಿಕೊಳ್ಳುವ ಮೆತ್ತೆ ಒಂದು ಬೇಕೇ ಬೇಕು. ಮಾಲಿನ ಮೆತ್ತೆ ತೆಗೆದಾಗ ಆ ಜಾಗಕ್ಕೆ ಮನುಷ್ಯನ ಸಂಜೆ ಬಂದು ಕೂರುತ್ತದೆ. 1988ರಲ್ಲಿ ಅಮೆರಿಕಾದ ಮೈಕ್ ಪಾರ್ಕರ್ ಮತ್ತು ಜೇನ್ ಸ್ಲಾಟರ್ ಇದನ್ನು ‘ಒತ್ತಡದಿಂದ ಆಡಳಿತ’ ಎಂದು ಕರೆದರು. ಸರಿಯಾದ ಹೆಸರು.

ಕಮಾಟಾ ಅವರ ಪುಸ್ತಕದಲ್ಲೂ ಕೊರತೆಯಿದೆ. ಆರು ತಿಂಗಳಾದ ಮೇಲೆ ತಾನು ಹೊರಹೋಗುತ್ತೇನೆ ಎಂದು ತಿಳಿದಿರುವವನ ದಿನಚರಿ ಅದು. ಇಪ್ಪತ್ತು ವರ್ಷ ಅಲ್ಲೇ ದುಡಿದು ಮನೆ ಕಟ್ಟಿ, ಮಕ್ಕಳನ್ನು ಓದಿಸಿದ ಖಾಯಂ ಕಾರ್ಮಿಕನ ಹೆಮ್ಮೆ ಅದರಲ್ಲಿ ಹೆಚ್ಚು ಕಾಣುವುದಿಲ್ಲ. ಈ ಕಂಪನಿಯ ಗಾಡಿಗಳು ಏಕೆ ಅಷ್ಟು ಚೆನ್ನಾಗಿದ್ದವು ಎಂಬ ಪ್ರಶ್ನೆಗೂ ಉತ್ತರವಿಲ್ಲ. ಬರೀ ಬೆವರು ಹಿಂಡಿದರೆ ಒಳ್ಳೆಯ ಮಾಲು ಬರುವುದಾದರೆ ಲೋಕದ ತುಂಬ ಒಳ್ಳೆಯ ಮಾಲೇ ಇರಬೇಕಿತ್ತು.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯ ಕತೆ ಈ ಪ್ರಶ್ನೆಗೆ ಸ್ವಲ್ಪ ಬೆಳಕು ಕೊಡುತ್ತದೆ. ಜನರಲ್ ಮೋಟಾರ್ಸ್ ಅದನ್ನು 1982ರಲ್ಲಿ ಮುಚ್ಚಿತು. ಕೆಲಸಗಾರರಲ್ಲಿ ಐದರಲ್ಲೊಂದು ಪಾಲು ಗೈರುಹಾಜರಾಗುತ್ತಿದ್ದ ಕುಖ್ಯಾತ ಕಾರ್ಖಾನೆಯದು. 1984ರಲ್ಲಿ ಟೊಯೋಟಾ ಮತ್ತು ಜನರಲ್ ಮೋಟಾರ್ಸ್ ಜಂಟಿಯಾಗಿ ಅದನ್ನು ಮತ್ತೆ ತೆರೆದಾಗ, ಬಹುಪಾಲು ಅದೇ ಹಳೆಯ ಕಾರ್ಮಿಕರನ್ನು, ಅದೇ ಕಾರ್ಮಿಕ ಸಂಘವನ್ನು ಒಪ್ಪಿಕೊಂಡರು. ಗೈರುಹಾಜರಿ ಶೇಕಡಾ ಮೂರು ನಾಲ್ಕಕ್ಕೆ ಇಳಿಯಿತು, ಗುಣಮಟ್ಟ ಜಪಾನಿನ ಹತ್ತಿರಕ್ಕೆ ಏರಿತು. ಎಂ.ಬಿ.ಎ. ಪುಸ್ತಕಗಳು ಈ ಕತೆಯನ್ನು ಇಷ್ಟಕ್ಕೆ ನಿಲ್ಲಿಸುತ್ತವೆ. ಸಂಘದೊಡನೆ ಆದ ಒಪ್ಪಂದದಲ್ಲಿ ಕೆಲಸದ ಭದ್ರತೆಯ ಮಾತಿತ್ತು ಎಂಬುದನ್ನೂ, 1980ರ ದಶಕದ ಕೊನೆಯಲ್ಲಿ ಮಾರಾಟ ಕುಸಿದಾಗ ಆಳುಗಳನ್ನು ಹೊರಗೆ ಹಾಕದೆ ತರಬೇತಿಗೆ ಕೂರಿಸಿದರು ಎಂಬುದನ್ನೂ ಸೇರಿಸಿ ಹೇಳಬೇಕು. ತಾನು ಕೊಟ್ಟ ಸಲಹೆಯಿಂದ ತನ್ನದೇ ಕೆಲಸ ಹೋಗುವುದಿಲ್ಲ ಎಂಬ ನಂಬಿಕೆಯಿದ್ದರೆ ತಾನೆ ಯಾರಾದರೂ ಸಲಹೆ ಕೊಡುವುದು? 2010ರಲ್ಲಿ ಆ ಕಾರ್ಖಾನೆಯೂ ಮುಚ್ಚಿತು.

ಕಮಾಟಾ ಬರೆದು ಮೂವತ್ತು ವರ್ಷಗಳಾಗುತ್ತಿದ್ದಾಗ, 2002ರ ಫೆಬ್ರವರಿಯಲ್ಲಿ, ಟೊಯೋಟಾದ ಒಬ್ಬ ಮೂವತ್ತರ ಹರೆಯದ ಗುಣಮಟ್ಟ ಪರಿಶೀಲಕ ರಾತ್ರಿ ಪಾಳಿಯ ನಂತರ ಕಾರ್ಖಾನೆಯಲ್ಲೇ ಕುಸಿದು ತೀರಿಕೊಂಡ. ಕೊನೆಯ ತಿಂಗಳಲ್ಲಿ ಅವನು ನೂರಕ್ಕೂ ಹೆಚ್ಚು ಗಂಟೆ ಹೆಚ್ಚುವರಿ ದುಡಿದಿದ್ದ ಎಂದು 2007ರಲ್ಲಿ ನಗೋಯಾ ಜಿಲ್ಲಾ ನ್ಯಾಯಾಲಯ ಒಪ್ಪಿತು. ಮೊಕದ್ದಮೆ ಹೂಡಿದ್ದು ಅವನ ಹೆಂಡತಿ. ಅದರ ತಿರುಳು ಇದು. ಪಾಳಿ ಮುಗಿದ ಮೇಲೆ ಗುಣಮಟ್ಟ ವೃತ್ತ, ಸಲಹಾ ಕೂಟ ಎಂದು ಕುಳಿತುಕೊಳ್ಳುವ ಹೊತ್ತು ಕೆಲಸವೋ ಅಲ್ಲವೋ? ಲೋಕವೆಲ್ಲ ಹೊಗಳಿದ ಕೈಝೆನ್ ನಡೆಯುತ್ತಿದ್ದದ್ದು ಹೀಗೆ, ಸ್ವಇಚ್ಛೆಯ ಹೆಸರಿನಲ್ಲಿ. ನ್ಯಾಯಾಲಯ ಅದು ಕೆಲಸವೇ ಎಂದಿತು. ಮರುವರ್ಷ, 2008ರಲ್ಲಿ, ಆ ಹೊತ್ತಿಗೆ ಓವರ್‌ಟೈಮ್ ಕೊಡಲು ಕಂಪನಿ ತೀರ್ಮಾನಿಸಿತು. ಒಬ್ಬ ವಿಧವೆ ಕೋರ್ಟಿನ ಮೆಟ್ಟಿಲೇರಿದ ಮೇಲೆ ಸಿಕ್ಕ ಉತ್ತರವಿದು.

ನಮ್ಮ ನಾಡಿಗೆ ಈ ಪದ್ಧತಿ ನೇರವಾಗಿಯೇ ಬಂದಿದೆ. ಕಿರ್ಲೋಸ್ಕರ್ ಜೊತೆಗೂಡಿ 1997ರಲ್ಲಿ ಸ್ಥಾಪಿಸಿದ ಕಂಪನಿಯ ಮೂಲಕ ಟೊಯೋಟಾ ಬೆಂಗಳೂರು-ಮೈಸೂರು ರಸ್ತೆಯ ಬಿಡದಿಗೆ ಬಂದು, 1999ರ ಕೊನೆಯಲ್ಲಿ ಕ್ವಾಲಿಸ್ ತಯಾರಿಸಲಾರಂಭಿಸಿತು. 2007ರಲ್ಲಿ ಅಲ್ಲೇ ತೆರೆದ ತರಬೇತಿ ಸಂಸ್ಥೆ ಹಳ್ಳಿಯ ಬಡ ಹುಡುಗರಿಗೆ ಊಟ ವಸತಿ ಕೊಟ್ಟು ಕಲಿಸುತ್ತದೆ. ಇದನ್ನು ಮೆಚ್ಚಲೇಬೇಕು. ಆದರೆ ಅದೇ ಆವರಣದ ಗೇಟಿನ ಹೊರಗೆ 2006ರ ಜನವರಿಯಲ್ಲಿ ಕಾರ್ಮಿಕರ ವಜಾ ಮತ್ತು ಅಮಾನತಿನ ವಿರುದ್ಧ ಮುಷ್ಕರ, ಲಾಕೌಟ್ ಎರಡೂ ನಡೆದವು. 2014ರ ಮಾರ್ಚ್‌ನಲ್ಲಿ ವೇತನದ ಮಾತುಕತೆ ಮುರಿದು ಮತ್ತೆ ಲಾಕೌಟ್. 2020ರ ನವೆಂಬರ್‌ನಲ್ಲಿ ಇನ್ನೊಂದು. ಸಂಘದ ಪದಾಧಿಕಾರಿಯೊಬ್ಬನ ಅಮಾನತಿನಿಂದ ಕಿಡಿ ಹೊತ್ತಿದ ಈ ಕೊನೆಯ ಜಗಳ 2021ರ ಮೊದಲ ತಿಂಗಳುಗಳವರೆಗೂ ಎಳೆಯಿತು. ಉತ್ಪಾದನೆಯ ಗುರಿ ಏರಿಸಿ ಕೆಲಸದ ಹೊರೆಯನ್ನು ತಾಳಲಾರದಷ್ಟು ಮಾಡಿದ್ದಾರೆ ಎಂಬುದು ಸಂಘದ ದೂರು. ಕಾರ್ಮಿಕರು ಅಕ್ರಮವಾಗಿ ಧರಣಿ ಕುಳಿತರು, ಶಿಸ್ತು ಮುರಿದರು ಎಂಬುದು ಕಂಪನಿಯ ಉತ್ತರ. ಯಾರದು ಎಷ್ಟು ಸರಿ ಎಂಬುದು ಕಾನೂನಿನ ವಿಷಯ. ನಮಗೆ ಕಾಣುವ ವಿಚಿತ್ರ ಬೇರೆ. ಒಂದು ಬೇರಿಂಗ್ ಕೆಟ್ಟರೆ ಐದು ಸಲ ಏಕೆ ಎಂದು ಕೇಳುವ ಪದ್ಧತಿ, ಇಡೀ ಕಾರ್ಖಾನೆಯೇ ನಿಂತಾಗ ಮೊದಲ ಪ್ರಶ್ನೆಗೇ ನಿಲ್ಲುತ್ತದೆ. ಸಾಲು ಏಕೆ ನಿಂತಿತು? ಶಿಸ್ತಿಲ್ಲ. ಶಿಸ್ತು ಏಕಿಲ್ಲ ಎಂಬ ಎರಡನೆಯ ಪ್ರಶ್ನೆ ಬರುವುದೇ ಇಲ್ಲ. ಫ್ಯೂಸ್ ಬದಲಿಸಿ ಮುಂದೆ ಹೋಗುತ್ತಾರೆ.

ಪದ್ಧತಿಯನ್ನು ಬಗ್ಗಿಸಲಾಗದು, ಬಗ್ಗಿಸಿದರೆ ಅದು ಮುರಿಯುತ್ತದೆ ಎನ್ನುವವರಿದ್ದಾರೆ. 2011ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಭೂಕಂಪ, ಸುನಾಮಿ ಆದಾಗ ಟೊಯೋಟಾಗೆ ಬಿಡಿಭಾಗಗಳೇ ಸಿಗದೆ ತಿಂಗಳುಗಟ್ಟಲೆ ಉತ್ಪಾದನೆ ಏರುಪೇರಾಯಿತು. ಅದಾದ ಮೇಲೆ ಕಂಪನಿ ಕುಳಿತು ಲೆಕ್ಕ ಹಾಕಿತು. ಮಿದುಳಿನಂತಿರುವ ಎಲೆಕ್ಟ್ರಾನಿಕ್ ಚಿಪ್‌ಗಳನ್ನು ಎರಡರಿಂದ ಆರು ತಿಂಗಳಿಗಾಗುವಷ್ಟು ದಾಸ್ತಾನು ಇಡುವಂತೆ ಪೂರೈಕೆದಾರರಿಗೆ ಹೇಳಿತು. ದಾಸ್ತಾನು ಎಂಬುದು ಏಳು ದಂಡಗಳಲ್ಲೊಂದು. ಆದರೂ ಅದನ್ನು ಇಟ್ಟರು, ಅದು ದಂಡವಲ್ಲ ಎಂದು ಒಪ್ಪಿಕೊಂಡರು. 2021ರಲ್ಲಿ ಚಿಪ್‌ಗಳ ಬರ ಬಂದಾಗ ಲೋಕದ ಬೇರೆ ಮೋಟಾರು ಕಂಪನಿಗಳು ಕೈಕಟ್ಟಿ ಕುಳಿತಿದ್ದರೆ ಟೊಯೋಟಾ ಆರಂಭದ ತಿಂಗಳುಗಳನ್ನು ಸರಾಗವಾಗಿ ದಾಟಿತು. ಸಿಲಿಕಾನ್ ಚೂರಿಗೆ ಆರು ತಿಂಗಳ ಮೆತ್ತೆ ಬೇಕು ಎಂದು ತಿಳಿದುಕೊಳ್ಳಲು ಅವರಿಗೆ ಒಂದು ಭೂಕಂಪ ಸಾಕಾಯಿತು. ಬೆನ್ನು ನೆಟ್ಟಗೆ ಮಾಡಿಕೊಳ್ಳುವ ಮೂರು ಸೆಕೆಂಡಿನ ಲೆಕ್ಕ ಇನ್ನೂ ಹಳೆಯ ಖಾತೆಯಲ್ಲೇ ಇದೆ.